ಪಾಸ್‌ಬುಕ್ಕಿನಲ್ಲಿ ಉಳಿದ ಬಿಟ್‌ಕಾಯಿನ್

(ಗೋಣಿಕೊಪ್ಪಲಿನಲ್ಲಿ ಕಾಫಿ ಬೆಳೆಗಾರರು ಮತ್ತು ಹೋಂಸ್ಟೇ ನಡೆಸುವವರ ಮುಂದೆ ಮಾಡಿದ ಭಾಷಣದ ಬರಹ ರೂಪ)

ನೀವು ಮೊದಲೇ ಬರೆದು ಕೊಟ್ಟ ಚೀಟಿಗಳನ್ನು ಓದಿದ್ದೇನೆ. ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಯಾವುದೋ ಕಾಲದಲ್ಲಿ ಬಿಟ್‌ಕಾಯಿನ್‌ಗೆ ಹಣ ಹಾಕಿದ್ದೆ, ಯಾವ ಆಪ್ ಎಂಬುದು ನೆನಪಿಲ್ಲ, ಪಾಸ್‌ವರ್ಡ್ ಗೊತ್ತಿಲ್ಲ, ಆಗಿನ ಫೋನ್ ಇಲ್ಲ, ಹಣ ಸಿಗುತ್ತದೆಯೇ? ಒಬ್ಬರು ಮಾತ್ರ ಹೆಂಡತಿಗೆ ತಿಳಿಯದಂತೆ ವಾಪಸ್ ಪಡೆಯಬಹುದೇ ಎಂದು ಕೇಳಿದ್ದಾರೆ. ಸಿಕ್ಕ ಬಿಟ್‌ಕಾಯಿನ್ ಮಾರಿದರೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಲೇಬೇಕು. ಆ ರಿಟರ್ನನ್ನು ನಿಮ್ಮ ಮನೆಯಲ್ಲಿ ಯಾರು ಓದುತ್ತಾರೆ ಎಂಬುದು ನನಗೆ ಗೊತ್ತಿಲ್ಲ.

ನಮ್ಮ ಕೊಡಗು ಜಿಲ್ಲೆಯಲ್ಲಿ ಈ ಮರೆವಿಗೆ ಒಂದು ಹಿನ್ನೆಲೆಯಿದೆ. 2017ರ ಡಿಸೆಂಬರ್ ನೆನಪಿಸಿಕೊಳ್ಳಿ. ಕಾಫಿ ಕೊಯ್ಲು ಶುರುವಾಗಿತ್ತು. ಅದೇ ತಿಂಗಳ ನಡುವಿನಲ್ಲಿ ಒಂದು ಬಿಟ್‌ಕಾಯಿನ್ ಬೆಲೆ 20 ಸಾವಿರ ಡಾಲರ್ ಹತ್ತಿರಕ್ಕೆ ಹೋಯಿತು. ಟಿವಿಯಲ್ಲಿ ಅದೇ ಮಾತು, ಮದುವೆ ಮನೆಯಲ್ಲೂ ಅದೇ ಮಾತು. ಬೆಂಗಳೂರಿನಿಂದ ರಜೆಗೆ ಬಂದ ಅಣ್ಣನ ಮಗನೋ ಅಳಿಯನೋ ನಿಮ್ಮ ಫೋನ್ ಕೈಗೆ ತೆಗೆದುಕೊಂಡು ಆಪ್ ಹಾಕಿಕೊಟ್ಟ. ಚೆರಿ ಮಾರಿದ ದುಡ್ಡಿನಲ್ಲಿ ಸ್ವಲ್ಪ ಅತ್ತ ಹೋಯಿತು. ಜನವರಿಯಲ್ಲಿ ಬೆಲೆ ಇಳಿಯತೊಡಗಿತು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಯಾವ ಸೇವೆಯನ್ನೂ ಕೊಡಬಾರದು, ಈಗಾಗಲೇ ಇರುವ ಸಂಬಂಧವನ್ನು ಮೂರು ತಿಂಗಳೊಳಗೆ ಕಡಿದುಕೊಳ್ಳಬೇಕು ಎಂದಿತು. ಜುಲೈ ಹೊತ್ತಿಗೆ ಆ ಬಾಗಿಲು ಮುಚ್ಚಿತು. ಆಗಸ್ಟ್‌ನ ಭೂಕುಸಿತದಲ್ಲಿ ಏನಾಯಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ. ಗುಡ್ಡ ಮನೆಯ ಮೇಲೆಯೇ ಬಂದವರು ಫೋನ್ ಹುಡುಕಲಿಲ್ಲ, ಪಾಸ್‌ವರ್ಡ್ ಬರೆದಿಟ್ಟ ಡೈರಿಯನ್ನೂ ಹುಡುಕಲಿಲ್ಲ. ಪರಿಹಾರ ಕೇಂದ್ರದಲ್ಲಿ ಹೊಸ ಸಿಮ್ ತೆಗೆದುಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು, ಮೂರು ವಾರ ಕಳೆಯುವಷ್ಟರಲ್ಲಿ ಲಾಕ್‌ಡೌನ್ ಬಂತು. ಇಷ್ಟೆಲ್ಲದರ ನಡುವೆ ಇಪ್ಪತ್ತು ಸಾವಿರ ರೂಪಾಯಿಯ ಒಂದು ಆಪ್ ಮರೆತುಹೋದರೆ ಆಶ್ಚರ್ಯವೇನೂ ಇಲ್ಲ.

ಮರೆತ ಖಾತೆಯನ್ನು ಹುಡುಕುವುದು ಕಂಪ್ಯೂಟರ್ ಪಂಡಿತರ ಕೆಲಸ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಾನು ನೋಡಿದ ಮಟ್ಟಿಗೆ ಇದು ಕಾಗದಪತ್ರದ ಕೆಲಸ. ನೂರಕ್ಕೆ ತೊಂಬತ್ತು ಪಾಲು ಬ್ಯಾಂಕಿನ ಕೌಂಟರಿನಲ್ಲಿ ಮತ್ತು ಹಳೆಯ ಇಮೇಲ್‌ನಲ್ಲಿ ಮುಗಿಯುತ್ತದೆ. ಪಹಣಿ ತಿದ್ದಿಸಿಕೊಂಡು ಬಂದವರಿಗೆ ಬೇಕಾದ ತಾಳ್ಮೆ ಈಗಾಗಲೇ ಇದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಬಿಟ್‌ಕಾಯಿನ್ ಇಟ್ಟುಕೊಳ್ಳುವುದು ಎರಡು ರೀತಿ. ಒಂದು, ಕೀಲಿ, ಅಂದರೆ ನಾಣ್ಯವನ್ನು ಕಳಿಸಲು ಬೇಕಾದ ಗುಪ್ತ ಸಂಖ್ಯೆ, ನಿಮ್ಮ ಕೈಯಲ್ಲೇ ಇರುವುದು. ಆಗ 12 ಅಥವಾ 24 ಇಂಗ್ಲಿಷ್ ಪದಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ ಎಂದು ಹೇಳಿರುತ್ತಾರೆ. ಆ ಕಾಗದ ಹೋದರೆ ಕೇಳಲು ಯಾರೂ ಇಲ್ಲ. ವೇಲ್ಸ್‌ನ ನ್ಯೂಪೋರ್ಟ್ ಊರಿನ ಜೇಮ್ಸ್ ಹೊವೆಲ್ಸ್ ಎಂಬವರ ಹಾರ್ಡ್ ಡಿಸ್ಕ್ 2013ರಲ್ಲಿ ಕಸದ ಜೊತೆ ಹೋಯಿತು, ಅದರಲ್ಲಿ 8,000 ಬಿಟ್‌ಕಾಯಿನ್‌ಗಳ ಕೀಲಿ ಇತ್ತು. ಕಸದ ಗುಡ್ಡೆ ಅಗೆಯಲು ಬಿಡಿ ಎಂದು ಅಲ್ಲಿನ ಪುರಸಭೆಯ ಮೇಲೆ ವರ್ಷಗಟ್ಟಲೆ ಹೋರಾಡಿದರು, 2025ರ ಜನವರಿಯಲ್ಲಿ ಹೈಕೋರ್ಟ್ ಮೊಕದ್ದಮೆಯನ್ನು ವಜಾ ಮಾಡಿತು. ಇನ್ನೊಂದು ರೀತಿ ಎಕ್ಸ್‌ಚೇಂಜ್, ಅಂದರೆ ನಾಣ್ಯಗಳನ್ನು ಕೊಳ್ಳಲು ಮಾರಲು ಆಪ್ ನಡೆಸುವ ಕಂಪನಿ. ಅಲ್ಲಿ ಕೀಲಿ ಕಂಪನಿಯ ಬಳಿ ಇರುತ್ತದೆ, ನಿಮಗಿರುವುದು ಅವರ ಲೆಕ್ಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದ ಒಂದು ಅಂಕಿ. ತಿಳಿದವರು ಈ ವ್ಯವಸ್ಥೆಯನ್ನು ಬೈಯುತ್ತಾರೆ, ಬೈಯಲು ಕಾರಣವೂ ಇದೆ. ಆದರೆ ಮರೆತವರಿಗೆ ಇದೇ ಅನುಕೂಲ. ಕೇಳಲು ಒಬ್ಬರಿದ್ದಾರೆ, ನೀವು ಯಾರು ಎಂದು ಸಾಬೀತು ಮಾಡಿದರೆ ಆಯಿತು.

ನಿಮ್ಮದು ಯಾವ ರೀತಿಯದು ಎಂದು ತಿಳಿಯುವುದು ಹೇಗೆ? ಆಗ ಪ್ಯಾನ್ ಕಾರ್ಡ್ ಫೋಟೊ, ಆಧಾರ್ ಫೋಟೊ ಕೊಟ್ಟ ನೆನಪಿದ್ದರೆ, ಬ್ಯಾಂಕ್ ಖಾತೆಯಿಂದ ರೂಪಾಯಿ ಕಳಿಸಿದ ನೆನಪಿದ್ದರೆ ಅದು ಎಕ್ಸ್‌ಚೇಂಜ್. ಕುಶಾಲನಗರದ ಹೋಟೆಲಿನಲ್ಲಿ ಮೀಟಿಂಗ್ ಮಾಡಿ, ತಿಂಗಳಿಗೆ ಇಷ್ಟು ಶೇಕಡಾ ಕೊಡುತ್ತೇವೆ ಎಂದವರ ಕೈಗೆ ನಗದು ಕೊಟ್ಟಿದ್ದರೆ ಅದು ಎರಡೂ ಅಲ್ಲ. ಗೇನ್‌ಬಿಟ್‌ಕಾಯಿನ್, ಬಿಟ್‌ಕನೆಕ್ಟ್ ಮುಂತಾದ ಹೆಸರುಗಳಲ್ಲಿ ಆ ಕಾಲದಲ್ಲಿ ನಡೆದದ್ದು ಅದೇ. ಬಿಟ್‌ಕನೆಕ್ಟ್ 2018ರ ಜನವರಿಯಲ್ಲೇ ಕುಸಿಯಿತು. ಅಂಥ ಹಣಕ್ಕೆ ನಾನು ಇಂದು ಹೇಳುವ ದಾರಿ ಉಪಯೋಗವಿಲ್ಲ, ಅದು ಪೊಲೀಸ್ ಠಾಣೆಯ ದಾರಿ.

ಈಗ ಬ್ಯಾಂಕಿಗೆ ಬರೋಣ. 2017ರ ಅಕ್ಟೋಬರ್‌ನಿಂದ 2018ರ ಜುಲೈವರೆಗಿನ ಸ್ಟೇಟ್‌ಮೆಂಟ್ ಬೇಕು ಎಂದು ಬರವಣಿಗೆಯಲ್ಲಿ ಅರ್ಜಿ ಕೊಡಿ. 2021ರಲ್ಲಿ ಹಾಕಿದವರಾದರೆ ಆ ವರ್ಷದ್ದು ಕೇಳಿ. ವ್ಯವಹಾರದ ದಾಖಲೆಯನ್ನು ಬ್ಯಾಂಕುಗಳು ಕನಿಷ್ಠ 5 ವರ್ಷ ಇಡಬೇಕು ಎಂದು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಹೇಳುತ್ತದೆ, ಅದಕ್ಕಿಂತ ಹಳೆಯದು ಸಿಗುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿಯಾರು. ಹಿಂದಿರುಗಬೇಡಿ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುತ್ತದೆ, ಸ್ವಲ್ಪ ಶುಲ್ಕ ತೆಗೆದುಕೊಂಡು ಕೊಡುತ್ತಾರೆ. ಮನೆಯಲ್ಲಿ ಹಳೆಯ ಪಾಸ್‌ಬುಕ್ ಇದ್ದರೆ ಅದೇ ಸಾಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ನಿಮ್ಮಲ್ಲಿ ಬಹಳ ಜನರ ಖಾತೆ ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ಗಳಲ್ಲಿ ಇತ್ತು. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಒಂದು ವರ್ಷದ ನಂತರ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಕೆನರಾ ಬ್ಯಾಂಕಿಗೂ ಸೇರಿದವು. ಶಾಖೆ ಅದೇ ಕಟ್ಟಡದಲ್ಲಿ ಇರಬಹುದು, ಐಎಫ್‌ಎಸ್‌ಸಿ ಸಂಖ್ಯೆ ಬದಲಾಗಿದೆ. ಎಕ್ಸ್‌ಚೇಂಜಿನ ದಾಖಲೆಯಲ್ಲಿ ಉಳಿದಿರುವುದು ಹಳೆಯದು. ಖಾತೆ ಸಿಕ್ಕಿ, ಮಾರಿ, ಹಣ ತೆಗೆಯುವ ಕೊನೆಯ ಹೆಜ್ಜೆಯಲ್ಲಿ ಇದು ಅಡ್ಡ ಬರುತ್ತದೆ. ಆದ್ದರಿಂದ ಸ್ಟೇಟ್‌ಮೆಂಟ್ ಕೇಳಲು ಹೋದಾಗಲೇ, ಹಳೆಯ ಖಾತೆ ಮತ್ತು ಈಗಿನ ಖಾತೆ ಒಂದೇ ಎಂಬ ಪತ್ರವನ್ನೂ ಮ್ಯಾನೇಜರರಿಂದ ಬರೆಸಿಕೊಂಡು ಬನ್ನಿ. ಎರಡನೆಯ ಸಲ ಹೋಗುವುದು ತಪ್ಪುತ್ತದೆ.

ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೆ ಹೆಚ್ಚಿನವರು ಸೋಲುವುದು ಇಲ್ಲಿ. ಅವರು ಬಿಟ್‌ಕಾಯಿನ್ ಎಂಬ ಪದ ಹುಡುಕುತ್ತಾರೆ. ಆ ಪದ ಸ್ಟೇಟ್‌ಮೆಂಟಿನಲ್ಲಿ ಇರುವುದು ಅಪರೂಪ. ಜಮ್ಮಾ ಭೂಮಿಯ, ಅಂದರೆ ಕೊಡಗಿನ ವಂಶಪಾರಂಪರ್ಯ ಹಿಡುವಳಿಯ, ಪಹಣಿ ನೋಡಿದವರಿಗೆ ಇದು ಅರ್ಥವಾಗುತ್ತದೆ: ತೋಟ ಮಾಡುತ್ತಿರುವವರು ಒಬ್ಬರು, ಪಟ್ಟೆದಾರರ ಕಾಲಂನಲ್ಲಿ ಕೂತಿರುವ ಹೆಸರು ಇನ್ನೊಬ್ಬರದು. ಹಾಗೆಯೇ ಫೋನಿನಲ್ಲಿ ಕಂಡ ಆಪ್‌ನ ಹೆಸರು ಒಂದು, ಹಣ ಪಡೆದ ಕಂಪನಿಯ ಹೆಸರು ಬೇರೆ. ವಜೀರ್‌ಎಕ್ಸ್ ಹಿಂದಿನ ಕಂಪನಿ ಜನ್ಮಾಯ್ ಲ್ಯಾಬ್ಸ್. ಕಾಯಿನ್‌ಡಿಸಿಎಕ್ಸ್ ಹಿಂದೆ ನೆಬ್ಲಿಯೊ ಟೆಕ್ನಾಲಜೀಸ್. ಕಾಯಿನ್‌ಸ್ವಿಚ್ ಹಿಂದೆ ಬಿಟ್‌ಸೈಫರ್ ಲ್ಯಾಬ್ಸ್. ಕಾಯಿನೆಕ್ಸ್ ಹಿಂದೆ ಡಿಸಿಡಿಯಂ ಇಂಟರ್‌ನೆಟ್ ಲ್ಯಾಬ್ಸ್. ಬಿಟ್‌ಬಿಎನ್‌ಎಸ್ ಹಿಂದೆ ಬೈಹಟ್ಕೆ. ಬೆಂಗಳೂರಿನ ಯುನೊಕಾಯಿನ್ ಮಾತ್ರ ತನ್ನ ಹೆಸರಿನಲ್ಲೇ ಇದೆ, ಯುನೊಕಾಯಿನ್ ಟೆಕ್ನಾಲಜೀಸ್ ಎಂದು. ಈ ಹೆಸರುಗಳನ್ನು ಬರೆದುಕೊಳ್ಳಿ, ನಾನು ನಿಧಾನವಾಗಿ ಇನ್ನೊಮ್ಮೆ ಹೇಳುತ್ತೇನೆ.

ಸಿದ್ದಾಪುರದ ಕಡೆಯ ಒಬ್ಬ ನಿವೃತ್ತ ಸುಬೇದಾರರ ಪಾಸ್‌ಬುಕ್ ನೋಡುವ ಅವಕಾಶ ಸಿಕ್ಕಿತು. ಫೌಜಿನ ಶಿಸ್ತು, ಪಾಸ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕಿ ಇಟ್ಟಿದ್ದರು. ಪ್ರಿಂಟರಿನ ರಿಬ್ಬನ್ ಸವೆದ ಕಾಲದ ಪುಟ, ಅಕ್ಷರಗಳು ಅರ್ಧ ಮೂಡಿದ್ದವು. ವಿವರದ ಕಾಲಂ ಕಿರಿದು, ಕಂಪನಿಯ ಹೆಸರಿನ ಮೊದಲ ಭಾಗ ಹಿಂದಿನ ಸಾಲಿನ ಮೇಲೆ ಅಚ್ಚಾಗಿ ಓದಲು ಬರುತ್ತಿರಲಿಲ್ಲ, ಉಳಿದದ್ದು ಲ್ಯಾಬ್ಸ್ ಎಂಬುದು ಮಾತ್ರ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಅವರೇ ಬರೆದಿದ್ದರು: ಮೈಸೂರು, ರಕ್ತ ಪರೀಕ್ಷೆ. ಹದಿನೈದು ಸಾವಿರಕ್ಕೆ ಎಂಥ ರಕ್ತ ಪರೀಕ್ಷೆ ಸಾರ್ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು, ಆಮೇಲೆ ಅವರೇ ನಕ್ಕರು. ಕೆಳಗೆ, ಮುಂದಿನ ವಾರದಲ್ಲಿ, ಅದೇ ಹೆಸರಿಗೆ ಇನ್ನೂ ಹತ್ತು ಸಾವಿರ ಹೋಗಿತ್ತು.

ಆ ಸಾಲಿನಲ್ಲಿ ಹೆಸರಿಗಿಂತ ಮುಖ್ಯವಾದ ಇನ್ನೊಂದು ಇದೆ: ಯುಟಿಆರ್ ಸಂಖ್ಯೆ, ಅಂದರೆ ಪ್ರತಿ ಹಣ ವರ್ಗಾವಣೆಗೂ ಇರುವ ಗುರುತು ಸಂಖ್ಯೆ. ನೆಫ್ಟ್ ಮೂಲಕ ಕಳಿಸಿದ್ದರೆ 16 ಅಕ್ಷರಗಳದು, ಐಎಂಪಿಎಸ್ ಆದರೆ 12 ಅಂಕಿಯ ಉಲ್ಲೇಖ ಸಂಖ್ಯೆ. ಪಾಸ್‌ವರ್ಡ್ ಇಲ್ಲ, ಇಮೇಲ್ ಇಲ್ಲ, ಹಳೆಯ ಸಿಮ್ ಇಲ್ಲ ಎನ್ನುವವರಿಗೂ ಈ ಸಂಖ್ಯೆ ಉಳಿದಿರುತ್ತದೆ. ಇಂಥ ದಿನ, ಇಷ್ಟು ಮೊತ್ತ, ಈ ಯುಟಿಆರ್, ನನ್ನ ಹೆಸರಿನ ಖಾತೆಯಿಂದ ನಿಮ್ಮ ಕಂಪನಿಗೆ ಬಂದಿದೆ ಎಂದು ಬರೆದರೆ ಗೊತ್ತಿಲ್ಲ ಎಂದು ತಳ್ಳಿಹಾಕುವುದು ಅವರಿಗೆ ಕಷ್ಟ.

2022ರ ನಂತರ ವ್ಯವಹಾರ ಮಾಡಿದವರಿಗೆ ಇನ್ನೂ ಸುಲಭ. ಆ ವರ್ಷದ ಜುಲೈ 1ರಿಂದ ಕ್ರಿಪ್ಟೊ ಮಾರಾಟಕ್ಕೆ ಶೇ 1ರ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ ಬಂತು, 194ಎಸ್ ಸೆಕ್ಷನ್ ಅಡಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಆ ವರ್ಷಗಳ 26ಎಎಸ್, ಅಂದರೆ ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿ, ತೆರೆದು ನೋಡಿ. 194ಎಸ್ ಎಂಬ ನಮೂದು ಇದ್ದರೆ ಅದರ ಪಕ್ಕದಲ್ಲಿ ಯಾರು ಕಡಿತ ಮಾಡಿದರು ಎಂಬ ಹೆಸರೂ ಇರುತ್ತದೆ. ನಿಮ್ಮ ಆಡಿಟರ್ ಐದು ನಿಮಿಷದಲ್ಲಿ ತೆಗೆದುಕೊಡಬಲ್ಲರು. ಮಾರದೆ ಬರೀ ಕೊಂಡು ಸುಮ್ಮನೆ ಕೂತವರಿಗೆ ಇದರಿಂದ ಏನೂ ಸಿಗದಿರಬಹುದು.

ಇಮೇಲ್ ಬಗ್ಗೆ. ಹಳೆಯ ಇಮೇಲ್ ತೆರೆಯಲು ಬಂದರೆ ಹುಡುಕುವ ಜಾಗದಲ್ಲಿ ಬಿಟ್‌ಕಾಯಿನ್ ಎಂದಷ್ಟೇ ಹಾಕಿದರೆ ಜಾಹೀರಾತುಗಳ ರಾಶಿ ಬರುತ್ತದೆ. ವಿತ್‌ಡ್ರಾವಲ್, ಡೆಪಾಸಿಟ್, ಕೆವೈಸಿ, ವೆರಿಫೈ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಹಾಕಿ ದಿನಾಂಕದ ಮಿತಿ ಕೊಡಿ. ಫೋನಿನ ಪ್ಲೇ ಸ್ಟೋರ್‌ನಲ್ಲಿ, ಆಪ್‌ಗಳನ್ನು ನಿರ್ವಹಿಸುವ ಪುಟಕ್ಕೆ ಹೋದರೆ, ಹಿಂದೆ ಹಾಕಿಕೊಂಡು ತೆಗೆದುಹಾಕಿದ ಆಪ್‌ಗಳ ಪಟ್ಟಿಯೂ ಇರುತ್ತದೆ. ಅದು ಗೂಗಲ್ ಖಾತೆಗೆ ಅಂಟಿಕೊಂಡ ಪಟ್ಟಿ, ಫೋನ್ ಬದಲಾದರೂ ಉಳಿಯುತ್ತದೆ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ಪಟ್ಟಿಯನ್ನೂ ನೋಡಿ. ಪಾಸ್‌ವರ್ಡೇ ಸಿಕ್ಕಿಬಿಡುವ ಸಂದರ್ಭವೂ ಉಂಟು. ಇದನ್ನು ತಡಮಾಡಬೇಡಿ: ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕುವುದನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಶುರು ಮಾಡಿದೆ.

ಮೊಬೈಲ್ ಸಂಖ್ಯೆಯ ಕಥೆ ಬೇರೆ. ಪ್ರಿಪೇಯ್ಡ್ ಸಿಮ್ 90 ದಿನ ಬಳಸದೆ ಬಿಟ್ಟರೆ ನಿಲ್ಲುತ್ತದೆ, ಆಮೇಲೆ ಅದೇ ಸಂಖ್ಯೆ ಬೇರೆಯವರಿಗೆ ಹೋಗಬಹುದು. ನಮ್ಮ ಕಡೆ ಟವರ್ ಸಿಗುವ ಕಂಪನಿ ಬದಲಾದಂತೆ ಸಿಮ್ ಬದಲಿಸುವುದು ರೂಢಿ. ಸುಬೇದಾರರು ತಮ್ಮ ಹಳೆಯ ಸಂಖ್ಯೆಗೆ ಕರೆ ಮಾಡಿದರು, ದಾವಣಗೆರೆಯ ಗೊಬ್ಬರದ ಅಂಗಡಿಯ ಹುಡುಗ ಎತ್ತಿದ. ಒಳ್ಳೆಯ ಹುಡುಗ, ಓಟಿಪಿ ಬಂದರೆ ಹೇಳುತ್ತೇನೆ ಎಂದ. ನಾನು ಬೇಡವೆಂದೆ. ಅವನ ಮೇಲೆ ಸಂಶಯವಲ್ಲ. ಪರರ ಫೋನಿನ ಓಟಿಪಿಯಿಂದ ಒಳಹೊಕ್ಕರೆ, ಮುಂದೆ ಹಣ ತೆಗೆಯುವಾಗ ಮತ್ತೆ ಮತ್ತೆ ಅವನ ಅಂಗಡಿಗೇ ಫೋನ್ ಮಾಡಬೇಕಾಗುತ್ತದೆ. ಜೊತೆಗೆ ಓಟಿಪಿ ಹಂಚಿಕೊಂಡದ್ದು ಕಂಪನಿಯ ಕಣ್ಣಿಗೆ ಬಿದ್ದರೆ ನಿಮ್ಮ ಅರ್ಜಿಗೇ ಕುತ್ತು. ಸಂಖ್ಯೆ ಬದಲಿಸಲು ಪ್ರತಿ ಎಕ್ಸ್‌ಚೇಂಜಿನಲ್ಲೂ ಒಂದು ವಿಧಾನವಿದೆ, ಅದನ್ನೇ ಹಿಡಿಯಬೇಕು.

ಆ ವಿಧಾನ ಹೀಗೆ. ಎಕ್ಸ್‌ಚೇಂಜಿನ ಸ್ವಂತ ತಾಣದಲ್ಲಿ ಸಹಾಯ ವಿಭಾಗಕ್ಕೆ ಹೋಗಿ ದೂರು ದಾಖಲಿಸಬೇಕು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಎಂದು ಹುಡುಕಿ ಸಿಗುವ ಮೊಬೈಲ್ ಸಂಖ್ಯೆಗೆ ಕರೆ ಮಾಡಬಾರದು, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಹಳೆಯ ಇಮೇಲ್, ಹಳೆಯ ಸಂಖ್ಯೆ, ಪ್ಯಾನ್, ಯುಟಿಆರ್, ಬ್ಯಾಂಕಿನ ಸ್ಟೇಟ್‌ಮೆಂಟ್ ಕೊಡಬೇಕು. ಅವರು ಸಾಮಾನ್ಯವಾಗಿ ಪ್ಯಾನ್ ಕಾರ್ಡನ್ನೂ ಇಂದಿನ ದಿನಾಂಕ ಬರೆದ ಕಾಗದವನ್ನೂ ಕೈಯಲ್ಲಿ ಹಿಡಿದ ನಿಮ್ಮ ಫೋಟೊ ಕೇಳುತ್ತಾರೆ, ಕೆಲವರು ವಿಡಿಯೊ ಕರೆಯಲ್ಲಿ ಮಾತನಾಡಿಸುತ್ತಾರೆ. ವಿಡಿಯೊ ಕರೆಯನ್ನು ತೋಟದ ಮನೆಯಿಂದ ಮಾಡುವ ಸಾಹಸ ಬೇಡ. ಆಟಿ ತಿಂಗಳ ಮಳೆಯಲ್ಲಿ ಕರೆಂಟ್ ಇಲ್ಲದೆ, ಟಾರ್ಚ್ ಬೆಳಕಿನಲ್ಲಿ ಪ್ಯಾನ್ ಕಾರ್ಡ್ ತೋರಿಸಿ, ಮೂರನೆಯ ವಾಕ್ಯಕ್ಕೆ ಸಂಪರ್ಕ ಕಡಿದುಹೋದರೆ ಮತ್ತೆ ಸರದಿಯ ಕೊನೆಗೆ ಹೋಗುತ್ತೀರಿ. ಪೇಟೆಗೆ ಬಂದು ಮಾಡಿ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ವಿಶೇಷ ಕಷ್ಟವಿದೆ. ಮನೆತನದ ಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಒಂದೇ ಅಕ್ಷರ. ತಂದೆಯ ಹೆಸರು ಪ್ಯಾನ್‌ನಲ್ಲಿ ಇದೆ, ಆಧಾರ್‌ನಲ್ಲಿ ಇಲ್ಲ. ಮದುವೆಯ ನಂತರ ಹೆಣ್ಣುಮಕ್ಕಳ ಮನೆತನದ ಹೆಸರು ಬದಲಾಗಿರುತ್ತದೆ. ಕಂಪನಿಯ ಕಂಪ್ಯೂಟರ್‌ಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಅರ್ಜಿ ಹಾಕುವ ಮೊದಲೇ ಪ್ಯಾನ್, ಆಧಾರ್, ಬ್ಯಾಂಕ್ ಮೂರರಲ್ಲೂ ಹೆಸರು ಒಂದೇ ಆಗಿದೆಯೇ, ಪ್ಯಾನ್ ಮತ್ತು ಆಧಾರ್ ಜೋಡಣೆ ಆಗಿದೆಯೇ ನೋಡಿಕೊಳ್ಳಿ. ಇದು ಹೇಗೂ ಬೇರೆ ಹತ್ತು ಕಡೆ ಉಪಯೋಗಕ್ಕೆ ಬರುತ್ತದೆ.

ಇಷ್ಟು ಹೊತ್ತು ಕಂಪನಿ ಬದುಕಿದೆ ಎಂದುಕೊಂಡು ಮಾತನಾಡಿದೆ. ಬದುಕಿಲ್ಲದಿದ್ದರೆ? ಬ್ಯಾಂಕಿನಲ್ಲಿ ಹತ್ತು ವರ್ಷ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಹುಡುಕಲು 2023ರಲ್ಲಿ ಉದ್ಗಮ್ ಎಂಬ ಪೋರ್ಟಲ್ ಬಂದಿದೆ, ಹೆಸರು ಹಾಕಿದರೆ ತಿಳಿಯುತ್ತದೆ. ಕ್ರಿಪ್ಟೊಗೆ ಅಂಥ ವ್ಯವಸ್ಥೆ ಇಲ್ಲ. ಪ್ರತಿ ಕಂಪನಿಯ ಗತಿಯನ್ನು ಬೇರೆ ಬೇರೆಯಾಗಿಯೇ ವಿಚಾರಿಸಬೇಕು. ಜೆಬ್‌ಪೇ 2018ರ ಸೆಪ್ಟೆಂಬರ್‌ನಲ್ಲಿ ಭಾರತದ ವಹಿವಾಟು ನಿಲ್ಲಿಸಿತು, 2020ರಲ್ಲಿ ಮತ್ತೆ ಬಂತು. ಕಾಯಿನೆಕ್ಸ್ 2019ರ ಜೂನ್‌ನಲ್ಲಿ ಮುಚ್ಚಿತು. ಕಾಯಿನ್‌ಸೆಕ್ಯೂರ್‌ನಲ್ಲಿ 2018ರ ಏಪ್ರಿಲ್‌ನಲ್ಲಿ 438 ಬಿಟ್‌ಕಾಯಿನ್ ಕಳುವಾಯಿತು. ವಜೀರ್‌ಎಕ್ಸ್‌ನಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳನ್ನು ಹ್ಯಾಕರ್‌ಗಳು ಕದ್ದರು, ಸಿಂಗಪುರದ ನ್ಯಾಯಾಲಯದಲ್ಲಿ ಮರುಹೊಂದಾಣಿಕೆ ನಡೆದು 2025ರ ಅಕ್ಟೋಬರ್‌ನಲ್ಲಿ ವಹಿವಾಟು ಮತ್ತೆ ಆರಂಭವಾಯಿತು. ಭಾರತದ ಕಂಪನಿಯಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಹೆಸರು ಹಾಕಿ ನೋಡಿ. ಕಂಪನಿ ಚಾಲ್ತಿಯಲ್ಲಿದೆಯೇ, ಪಟ್ಟಿಯಿಂದ ತೆಗೆಯಲಾಗಿದೆಯೇ, ನೋಂದಾಯಿತ ಕಚೇರಿ ಎಲ್ಲಿದೆ ಎಂಬುದೆಲ್ಲ ಸಿಗುತ್ತದೆ. ಇಮೇಲ್‌ಗೆ ಉತ್ತರ ಬಾರದಿದ್ದರೆ ಆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಕಳಿಸಿ. ಅಂಚೆಗೆ ಈಗಲೂ ಒಂದು ತೂಕವಿದೆ.

ವಿದೇಶದ ಎಕ್ಸ್‌ಚೇಂಜ್‌ಗಳಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ಎಲ್ಲರಿಗಿಂತ ಹಳೆಯ ಪಾಠ. 2014ರ ಫೆಬ್ರುವರಿಯಲ್ಲಿ ಮುಳುಗಿದಾಗ ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್ ಕಾಣೆ ಎಂದರು, ಆಮೇಲೆ ಒಂದು ಹಳೆಯ ವಾಲೆಟ್‌ನಲ್ಲಿ, ಅಂದರೆ ನಾಣ್ಯ ಇಡುವ ಡಿಜಿಟಲ್ ಚೀಲದಲ್ಲಿ, ಎರಡು ಲಕ್ಷ ಸಿಕ್ಕಿತು. ಹಕ್ಕು ಸಲ್ಲಿಸಿದವರಿಗೆ ಹಂಚಿಕೆ ಶುರುವಾದದ್ದು 2024ರ ಜುಲೈನಲ್ಲಿ, ಹತ್ತು ವರ್ಷದ ಮೇಲೆ. ಎಫ್‌ಟಿಎಕ್ಸ್ 2022ರ ನವೆಂಬರ್‌ನಲ್ಲಿ ದಿವಾಳಿಯಾಯಿತು. ಅಲ್ಲಿ ಪ್ರತಿಯೊಬ್ಬರ ಬಾಕಿಯನ್ನೂ ಆ ದಿನದ ಡಾಲರ್ ಬೆಲೆಯಲ್ಲಿ ಲೆಕ್ಕ ಹಾಕಿದರು. ಆಗ ಬಿಟ್‌ಕಾಯಿನ್ 17 ಸಾವಿರ ಡಾಲರ್ ಆಸುಪಾಸಿನಲ್ಲಿತ್ತು, 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ದಾಟಿತು. ಆ ಏರಿಕೆ ಖಾತೆದಾರರಿಗೆ ದಕ್ಕಲಿಲ್ಲ. ಇವೆಲ್ಲವುಗಳಲ್ಲಿ ಸಮಾನವಾದದ್ದು ಕೊನೆಯ ದಿನಾಂಕ. ದಿವಾಳಿ ಪ್ರಕ್ರಿಯೆಯಲ್ಲಿ ಹಕ್ಕು ಸಲ್ಲಿಸಲು ನ್ಯಾಯಾಲಯ ಗಡುವು ಕೊಡುತ್ತದೆ, ಅದರ ಸೂಚನೆ ಬರುವುದು ನೀವು ಮರೆತ ಆ ಹಳೆಯ ಇಮೇಲ್‌ಗೆ.

ಮಾತು ಬಂತೆಂದು ಒಂದು ಹೇಳಿಬಿಡುತ್ತೇನೆ. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜಿನ ಮಾಲೀಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡ. ಕೀಲಿಗಳೆಲ್ಲ ಅವನೊಬ್ಬನಿಗೇ ಗೊತ್ತಿತ್ತು, ಅವನ ಜೊತೆ ಹೋಯಿತು ಎಂದು ಕಂಪನಿ ಹೇಳಿತು. ತನಿಖೆ ಮಾಡಿದ ಒಂಟಾರಿಯೊದ ಷೇರು ನಿಯಂತ್ರಕರು 2020ರಲ್ಲಿ ಕೊಟ್ಟ ವರದಿ ಬೇರೆಯೇ ಹೇಳಿತು: ಗ್ರಾಹಕರ ಹಣವನ್ನು ಅವನೇ ವ್ಯಾಪಾರದಲ್ಲಿ ಕಳೆದಿದ್ದ. ಕೀಲಿ ಇದ್ದಿದ್ದರೂ ತೆರೆದು ನೋಡಲು ಪೆಟ್ಟಿಗೆಯಲ್ಲಿ ಹೆಚ್ಚೇನೂ ಇರಲಿಲ್ಲ.

ಆಪ್ ತೆರೆಯುತ್ತಿಲ್ಲ ಎಂದಮಾತ್ರಕ್ಕೆ ಕಂಪನಿ ಸತ್ತಿದೆ ಎಂದುಕೊಳ್ಳಬೇಡಿ. 2023ರ ಡಿಸೆಂಬರ್ 28ರಂದು ಕೇಂದ್ರದ ಹಣಕಾಸು ಗುಪ್ತಚರ ಘಟಕ ಬೈನಾನ್ಸ್, ಕುಕಾಯಿನ್, ಕ್ರಾಕನ್ ಸೇರಿ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಕೊಟ್ಟಿತು, ಮುಂದಿನ ತಿಂಗಳು ಅವುಗಳ ತಾಣಗಳು ಇಲ್ಲಿ ತೆರೆಯದಂತಾದವು. ಆಮೇಲೆ ನೋಂದಣಿ ಮಾಡಿಕೊಂಡು ಕೆಲವು ಮರಳಿ ಬಂದಿವೆ.

ಈಗ ಸ್ವಲ್ಪ ಜಟಿಲವಾದ ಸಂದರ್ಭ. ಪಾಸ್‌ಬುಕ್ ಹಿಡಿದು ಮೊದಲ ಎಕ್ಸ್‌ಚೇಂಜ್ ಸಿಕ್ಕಿತು, ಒಳಗೆ ಹೋದರೆ ಖಾತೆ ಸೊನ್ನೆ. ಗಾಬರಿಯಾಗಬೇಡಿ, ವ್ಯವಹಾರಗಳ ಇತಿಹಾಸ ತೆಗೆಯಿರಿ. 2017ರಲ್ಲಿ ಹೆಚ್ಚಿನ ಚಿಕ್ಕಪುಟ್ಟ ನಾಣ್ಯಗಳು ಭಾರತದಲ್ಲಿ ಸಿಗುತ್ತಿರಲಿಲ್ಲ. ಇಲ್ಲಿ ಬಿಟ್‌ಕಾಯಿನ್ ಕೊಂಡು ಅದನ್ನು ಬಿಟ್ರೆಕ್ಸ್‌ನಂಥ ವಿದೇಶಿ ಎಕ್ಸ್‌ಚೇಂಜಿಗೆ ಕಳಿಸಿ ಅಲ್ಲಿ ಕೊಳ್ಳುವುದು ಅಂದಿನ ಪದ್ಧತಿ. ನಿಮಗೆ ಆಪ್ ಹಾಕಿಕೊಟ್ಟ ಹುಡುಗ ಬುದ್ಧಿವಂತನಾಗಿದ್ದರೆ ಅದನ್ನೂ ಮಾಡಿರುತ್ತಾನೆ. ಇತಿಹಾಸದಲ್ಲಿ 64 ಅಕ್ಷರಗಳ ಒಂದು ವ್ಯವಹಾರ ಸಂಖ್ಯೆ ಸಿಗುತ್ತದೆ. ಬ್ಲಾಕ್‌ಚೈನ್ ಎಂಬುದು ಯಾರು ಬೇಕಾದರೂ ಓದಬಹುದಾದ ಬಹಿರಂಗ ಲೆಕ್ಕ, ಆ ಸಂಖ್ಯೆಯನ್ನು ಎಕ್ಸ್‌ಪ್ಲೋರರ್ ತಾಣದಲ್ಲಿ ಹಾಕಿದರೆ ನಾಣ್ಯ ಯಾವ ವಿಳಾಸಕ್ಕೆ ಹೋಯಿತು, ಅಲ್ಲಿಂದ ಎತ್ತ ಹೋಯಿತು ಎಂದು ಕಾಣುತ್ತದೆ. ದೊಡ್ಡ ಎಕ್ಸ್‌ಚೇಂಜ್‌ಗಳ ವಿಳಾಸಗಳ ಪಕ್ಕದಲ್ಲಿ ಹಲವು ಸಲ ಅವುಗಳ ಹೆಸರನ್ನೂ ಬರೆದಿರುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ನೀವು ಕಳಿಸಿದ ವಿಳಾಸ ಈಗ ಖಾಲಿ ಎಂದು ಕಂಡರೆ ಕಳುವಾಯಿತು ಎಂದಲ್ಲ. ಎಕ್ಸ್‌ಚೇಂಜ್‌ಗಳು ಗ್ರಾಹಕರ ವಿಳಾಸಕ್ಕೆ ಬಂದ ನಾಣ್ಯಗಳನ್ನು ಗುಡಿಸಿ ತಮ್ಮ ದೊಡ್ಡ ವಾಲೆಟ್‌ಗೆ ಹಾಕಿಕೊಳ್ಳುತ್ತವೆ. ನಿಮ್ಮ ಲೆಕ್ಕ ಅವರ ಪುಸ್ತಕದಲ್ಲಿ ಇರುತ್ತದೆ, ಬ್ಲಾಕ್‌ಚೈನ್‌ನಲ್ಲಿ ಅಲ್ಲ.

ಹೀಗೆ ಹುಡುಕಲು ಶುರು ಮಾಡಿದ ಕೂಡಲೇ ಇನ್ನೊಬ್ಬರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಟೆಲಿಗ್ರಾಂನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಕಳೆದುಹೋದ ಕ್ರಿಪ್ಟೊ ಹಿಂದಿರುಗಿಸುವ ತಜ್ಞರು. ನಾಪೋಕ್ಲು ಕಡೆಯ ಒಬ್ಬ ಹೋಂಸ್ಟೇ ಮಾಲೀಕರಿಗೆ ಅಂಥವರು ಸ್ಕ್ರೀನ್‌ಶಾಟ್ ಕಳಿಸಿದ್ದರು: ನಿಮ್ಮ ಹೆಸರಿನಲ್ಲಿ 11 ಲಕ್ಷ ಇದೆ, ಬಿಡುಗಡೆ ಶುಲ್ಕ 18 ಸಾವಿರ. ಕಟ್ಟಿದರು. ಆಮೇಲೆ ಜಿಎಸ್‌ಟಿ ಎಂದರು, ಅದನ್ನೂ ಕಟ್ಟಿದರು. ಮೂರನೆಯದಕ್ಕೆ ಮಗಳು ತಡೆದಳು. ಅವರು 2018ರಲ್ಲಿ ಹಾಕಿದ್ದೇ ಎಂಟು ಸಾವಿರ. ಮುಂಗಡ ಕೇಳುವವರು, ಪರದೆ ಹಂಚಿಕೊಳ್ಳುವ ಆಪ್ ಹಾಕಿ ಎನ್ನುವವರು, 12 ಪದ ಓದಿ ಹೇಳಿ ಎನ್ನುವವರು, ಇವರಾರೂ ಎಕ್ಸ್‌ಚೇಂಜಿನ ಕಡೆಯವರಲ್ಲ. ಹಣ ಹೋದದ್ದು ತಿಳಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಾಳೆ ನೋಡೋಣ ಎನ್ನಬೇಡಿ. ಬೇಗ ತಿಳಿಸಿದರೆ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ತೆರಿಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30, ಅದರ ಮೇಲೆ ಶೇ 4 ಸೆಸ್. 25 ಸಾವಿರಕ್ಕೆ ಕೊಂಡದ್ದು ಒಂದೂವರೆ ಲಕ್ಷಕ್ಕೆ ಮಾರಿದಿರಿ ಎನ್ನಿ. ಲಾಭ 1,25,000. ತೆರಿಗೆ 37,500, ಸೆಸ್ 1,500, ಒಟ್ಟು 39,000. ಎಕ್ಸ್‌ಚೇಂಜ್ ಹಿಡಿದಿಟ್ಟ 1,500 ರೂಪಾಯಿ ಟಿಡಿಎಸ್ ಇದರಲ್ಲೇ ವಜಾ ಆಗುತ್ತದೆ. ಕೊಂಡ ಬೆಲೆಯೊಂದನ್ನು ಬಿಟ್ಟರೆ ಬೇರೆ ಯಾವ ಖರ್ಚನ್ನೂ ಕಳೆಯಲು ಬಿಡುವುದಿಲ್ಲ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ನನ್ನನ್ನು ಕೇಳಿದರೆ ಈ ಎರಡನೆಯದು ಅನ್ಯಾಯ. ಆ 25 ಸಾವಿರಕ್ಕೆ ಸಾಕ್ಷಿ ಯಾವುದು? ಮತ್ತೆ ಅದೇ ಪಾಸ್‌ಬುಕ್ಕಿನ ಸಾಲು.

ತೀರಿಕೊಂಡವರ ಖಾತೆಯ ಬಗ್ಗೆ ಎರಡು ಚೀಟಿಗಳಿವೆ. ಅಪ್ಪನ ಫೋನ್ ಕೈಯಲ್ಲಿದೆ, ಪಿನ್ ಗೊತ್ತಿದೆ, ನಾನೇ ಮಾರಿ ತೆಗೆದುಕೊಳ್ಳಬಹುದೇ ಎಂದು ಒಬ್ಬರು ಕೇಳಿದ್ದಾರೆ. ಬೇಡ. ಹಣ ಬರುವುದು ಅಪ್ಪನ ಬ್ಯಾಂಕ್ ಖಾತೆಗೆ, ಅಲ್ಲಿಂದ ತೆಗೆಯಲು ಹೇಗೂ ವಾರಸುದಾರರ ದಾಖಲೆ ಬೇಕು. ಒಡಹುಟ್ಟಿದವರು ನಾಳೆ ಲೆಕ್ಕ ಕೇಳಿದರೆ ಉತ್ತರ ಕೊಡಬೇಕಾದವರೂ ನೀವೇ. ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ, ಉಳಿದವರ ಒಪ್ಪಿಗೆ ಪತ್ರ ಇಟ್ಟು ಕಂಪನಿಗೆ ಬರೆಯಿರಿ, ದೊಡ್ಡ ಮೊತ್ತವಾದರೆ ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳುತ್ತಾರೆ. ಇದು ಆಸ್ತಿಯೇ ಅಲ್ಲ ಎಂದು ಯಾರಾದರೂ ವಾದ ಹೂಡಿದರೆ, 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕ್ರಿಪ್ಟೊ ಆಸ್ತಿಯೇ, ಅದನ್ನು ಟ್ರಸ್ಟ್‌ನಲ್ಲಿ ಇಡಬಹುದು ಎಂದು ಹೇಳಿದೆ ಎಂದು ತೋರಿಸಿ.

ಕೊನೆಯ ಚೀಟಿ: ಎಷ್ಟು ಹಣವಿದ್ದರೆ ಈ ಅಲೆದಾಟಕ್ಕೆ ಹೋಗಬಹುದು? ಬಿಟ್‌ಕಾಯಿನ್ ಕೊಂಡ ನೆನಪಿದ್ದರೆ ಐದು ಸಾವಿರಕ್ಕೂ ಹೋಗಿ. 2017ರ ತುತ್ತತುದಿಯಲ್ಲಿ ಕೊಂಡಿದ್ದರೂ ಅದು ಆಮೇಲೆ ಹಲವು ಪಟ್ಟಾಗಿದೆ. ರಿಪಲ್ ಎಂಬ ನಾಣ್ಯ ಕೊಂಡವರು ಎರಡು ಸಲ ಯೋಚಿಸಿ, 2018ರ ಜನವರಿಯಲ್ಲಿ ಅದು 3 ಡಾಲರ್ ದಾಟಿತ್ತು, ಆಗ ಕೊಂಡವರಿಗೆ ವರ್ಷಗಟ್ಟಲೆ ಅಸಲೂ ಕಾಣಲಿಲ್ಲ. ಹೆಸರೇ ನೆನಪಿಲ್ಲದ ನಾಣ್ಯವಾದರೆ, ಬ್ಯಾಂಕಿಗೆ ಹೋಗುವ ಮೊದಲು ಅಳಿಯನಿಗೆ ಫೋನ್ ಮಾಡಿ ಹೆಸರು ಕೇಳಿ, ಇವತ್ತಿನ ಬೆಲೆ ನೋಡಿ. ಬಳಕೆಯಿಲ್ಲದ ಖಾತೆಗೆ ತಿಂಗಳ ಶುಲ್ಕ ಹಾಕುವ ಎಕ್ಸ್‌ಚೇಂಜ್‌ಗಳೂ ಇವೆ, ಇಷ್ಟು ವರ್ಷದಲ್ಲಿ ಅದು ತಿಂದು ಮುಗಿಸಿರಬಹುದು. ಸುಬೇದಾರರದು ಎರಡು ನಾಣ್ಯ ಇತ್ತು. ಹದಿನೈದು ಸಾವಿರದ್ದು ಚೆನ್ನಾಗಿ ಬೆಳೆದಿತ್ತು. ಹತ್ತು ಸಾವಿರದ್ದು ಒಂದು ಕಾಫಿಯ ಬೆಲೆಗೂ ಬರುತ್ತಿರಲಿಲ್ಲ, ಅದನ್ನು ಮಾರದೆ ಹಾಗೇ ಬಿಟ್ಟಿದ್ದಾರೆ. ಪಾಸ್‌ಬುಕ್ಕಿನಲ್ಲಿ ರಕ್ತ ಪರೀಕ್ಷೆ ಎಂದಿದ್ದುದನ್ನು ಮಾತ್ರ ಅಳಿಸಿ ಸರಿಯಾಗಿ ಬರೆದುಕೊಂಡರು.